ಅಪ್‌ಡೇಟ್: ಸ್ಕಾಟ್ಲೆಂಡಿನ ಕ್ಯಾಂಪರ್‌ವ್ಯಾನ್ ಪ್ರವಾಸ ಮುಗಿಸಿ ಬಂದೆವು

ಇನ್ವರ್ನೆಸ್‌ನಿಂದ ಹೊರಟು ಅಲ್ಲಿಗೇ ಮರಳುವ, ಸುಮಾರು 830 ಕಿ.ಮೀ. ಉದ್ದದ ನಾರ್ತ್ ಕೋಸ್ಟ್ 500 ಮಾರ್ಗವನ್ನು ಏಳು ದಿನಗಳಲ್ಲಿ, ಒಳಗೇ ಮಲಗುವ ವ್ಯವಸ್ಥೆಯಿರುವ ಕ್ಯಾಂಪರ್‌ವ್ಯಾನಿನಲ್ಲಿ ಸುತ್ತಬಹುದೇ ಎಂದು ನಾನು ಕೇಳಿದ್ದೆ. ಅವಸರ ಬೇಡ, ಪಶ್ಚಿಮ ಕರಾವಳಿಯನ್ನಷ್ಟೇ ನೋಡಿ ಎಂದು ಹಲವರು ಹೇಳಿದಂತೆ ಜೂನ್‌ನಲ್ಲಿ ಉಲ್ಲಾಪೂಲ್‌ವರೆಗೆ ಮಾತ್ರ ಹೋಗಿ ಬಂದೆವು. ಆ ಸಲಹೆಗೆ ನಾನು ಋಣಿ.

ಆಪಲ್‌ಕ್ರಾಸ್‌ಗೆ ಹೋಗುವ ಬೆಲಾಖ್ ನ ಬಾ ರಸ್ತೆಯು 626 ಮೀಟರ್ ಎತ್ತರಕ್ಕೆ ಕಡಿದಾದ ತಿರುವುಗಳಲ್ಲಿ ಏರುವುದರಿಂದ, ಘಾಟಿ ರಸ್ತೆಗಳ ಅಭ್ಯಾಸವಿದ್ದರೂ ನಾವು ಆ ಸಾಹಸ ಮಾಡದೆ, ಶೀಲ್‌ಡೇಗ್ ಕಡೆಯಿಂದ ಕಡಲಂಚಿನ ದಾರಿ ಹಿಡಿದೆವು. ಒಂದೇ ವಾಹನದಷ್ಟು ಅಗಲದ ಈ ರಸ್ತೆಗಳಲ್ಲಿ ಎದುರಿನಿಂದ ವಾಹನ ಬಂದಾಗ, ದಾರಿ ಬಿಡಲೆಂದು ಅಲ್ಲಲ್ಲಿ ಮಾಡಿರುವ ಅಗಲ ಜಾಗವು ಎಡಗಡೆಯಿದ್ದರೆ ಒಳಗೆ ಸರಿಯಬೇಕು, ಬಲಗಡೆಯಿದ್ದರೆ ಅದರ ಎದುರಿಗೇ ನಿಂತು ದಾರಿ ಕೊಡಬೇಕು. ಹಿಂದಿನಿಂದ ಬರುವ ಸ್ಥಳೀಯರನ್ನೂ ಹೀಗೆಯೇ ಮುಂದೆ ಬಿಡುವುದು ಅತಿಥಿಗಳಾದ ನಮ್ಮ ಕರ್ತವ್ಯವೆಂದು ನನಗನ್ನಿಸಿತು.

ರಾತ್ರಿ ಎಲ್ಲಿ ಬೇಕಾದರೂ ತಂಗಬಹುದೇ ಎಂದೂ ಕೇಳಿದ್ದೆ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ನೀಡುವ ಮುಕ್ತ ಪ್ರವೇಶದ ಹಕ್ಕು, ಅಂದರೆ ಬಹುತೇಕ ಜಮೀನುಗಳಲ್ಲಿ ಓಡಾಡುವ, ತಂಗುವ ಹಕ್ಕು, ಮೋಟಾರು ವಾಹನಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಕ್ಯಾಂಪ್‌ಸೈಟ್‌ಗಳನ್ನೇ ಕಾಯ್ದಿರಿಸಿದೆವು, ಬಳಸಿದ ನೀರನ್ನು ಅಲ್ಲಿಯೇ ಖಾಲಿ ಮಾಡಿದೆವು. ಗಾಳಿಯಿಲ್ಲದ ಸಂಜೆಗಳಲ್ಲಿ ಮಿಡ್ಜ್ ಎಂಬ ಸಣ್ಣ ನೊಣಗಳ ಕಾಟವಿತ್ತು.

ನನಗೆ ಅತ್ಯಂತ ಪ್ರಿಯವಾದದ್ದು ಉಲ್ಲಾಪೂಲ್ ಸಮೀಪದ ಕೊರಿಶಾಲಖ್ ಕಮರಿ. ಫೋರ್ತ್ ರೈಲು ಸೇತುವೆಯ ಎಂಜಿನಿಯರುಗಳಲ್ಲೊಬ್ಬರಾದ ಜಾನ್ ಫೌಲರ್ ಕಟ್ಟಿಸಿದ ತೂಗುಸೇತುವೆಯ ಮೇಲೆ ನಿಂತು, 46 ಮೀಟರ್ ಧುಮುಕುವ ಜಲಪಾತವನ್ನು ನೋಡುತ್ತ ಒಂದು ಮಧ್ಯಾಹ್ನವನ್ನೇ ಕಳೆದೆವು.