ಮಧ್ಯಾಹ್ನವೆಲ್ಲ ನೀರು ಹಾಕಿದರೂ ಡರ್ಟ್ ಟ್ರ್ಯಾಕ್‌ನಲ್ಲಿ ಧೂಳು ಏಳುವುದು ಯಾಕೆ?

ಒಹಾಯೊ_ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಒಹಾಯೊದಲ್ಲಿ, ಡೇಟನ್ ಹತ್ತಿರ. ಡರ್ಟ್ ಟ್ರ್ಯಾಕ್, ಅಂದರೆ ಮಣ್ಣಿನ ಟ್ರ್ಯಾಕ್ ಮೇಲಿನ ಕಾರ್ ರೇಸ್ ನೋಡಲು ರಾಸ್‌ಬರ್ಗ್‌ನ ಎಲ್ಡೋರಾ ಸ್ಪೀಡ್‌ವೇಗೆ ಪ್ರತಿ ಬೇಸಿಗೆ ಹೋಗುತ್ತೇನೆ, ಸೆಪ್ಟೆಂಬರ್‌ನ ವರ್ಲ್ಡ್ 100 ರೇಸ್ ಅಂತೂ ತಪ್ಪಿಸುವುದಿಲ್ಲ. ಉಳಿದ ಶನಿವಾರಗಳಲ್ಲಿ ಮಗಳನ್ನು ಕರೆದುಕೊಂಡು ಸುತ್ತಮುತ್ತಲಿನ ಸಣ್ಣ ಟ್ರ್ಯಾಕ್‌ಗಳಿಗೆ ಹೋಗುತ್ತೇನೆ.

ಪ್ರಶ್ನೆ ಧೂಳಿನದು. ಇಲ್ಲಿನ ಒಂದು ಟ್ರ್ಯಾಕ್‌ನಲ್ಲಿ ಹೀಟ್ ರೇಸ್‌ಗಳು (ಮೊದಲಿನ ಚಿಕ್ಕ ಅರ್ಹತಾ ರೇಸ್‌ಗಳು) ಚೆನ್ನಾಗಿಯೇ ನಡೆಯುತ್ತವೆ, ಆದರೆ ಫೀಚರ್ ರೇಸ್ (ಆ ರಾತ್ರಿಯ ಮುಖ್ಯ ರೇಸ್) ಶುರುವಾಗುವ ಹೊತ್ತಿಗೆ ಆಚೆ ಬದಿಯ ಬ್ಯಾಕ್‌ಸ್ಟ್ರೆಚ್‌ನಲ್ಲಿ ಕಾರುಗಳು ಕಾಣುವುದೇ ಇಲ್ಲ, ಲೈಟ್ ಕಂಬದ ಕೆಳಗೆ ಬರೀ ಕಂದು ಮೋಡ. ನೀರು ಹಾಕಿಲ್ಲ ಅಂತಲೂ ಹೇಳುವ ಹಾಗಿಲ್ಲ. ಗೇಟ್ ತೆಗೆಯುವಾಗ ನೋಡಿದರೆ ವಾಟರ್ ಟ್ರಕ್ ಸುತ್ತುತ್ತಲೇ ಇರುತ್ತದೆ. ಪಕ್ಕದಲ್ಲಿ ಕೂರುವ ಹಿರಿಯರು 70ರ, 80ರ ದಶಕದಲ್ಲಿ ಹೀಗಿರಲಿಲ್ಲ, ಆಗ ಹಸಿ ಮಣ್ಣಿನ ಹೆಂಟೆ ಹಾರಿ ಸ್ಟ್ಯಾಂಡ್‌ಗೆ ಬೀಳುತ್ತಿತ್ತು ಅನ್ನುತ್ತಾರೆ. ಇದು ನಿಜವೇ? ಹಾಗಿದ್ದರೆ ಬದಲಾಗಿದ್ದು ಏನು, ಮಣ್ಣಾ, ಕಾರಾ, ಕೆಲಸ ಮಾಡುವ ರೀತಿಯಾ? ಇನ್ನೊಂದು, ಟ್ರ್ಯಾಕ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರಂತೆ. ಚಿಕ್ಕ ಮಗು ಜೊತೆಗಿರುವುದರಿಂದ ಅದರ ಬಗ್ಗೆಯೂ ತಿಳಿಯಬೇಕು.

ಕೆಸರುಗಾಲಿ:

ಸರ್, ನಾನು ಇಂಡಿಯಾನಾದ ಒಂದು ಸಣ್ಣ ಟ್ರ್ಯಾಕ್‌ನಲ್ಲಿ ವಾರಾಂತ್ಯ ಟ್ರ್ಯಾಕ್ ಕೆಲಸದವರ ಜೊತೆ ಇರುತ್ತೇನೆ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಮಧ್ಯಾಹ್ನ ನೀರು ಹಾಕುತ್ತಿದ್ದರು ಅಂದಿರಲ್ಲ, ಅದೇ ತಡ. ಶನಿವಾರ ರೇಸ್ ಇದ್ದರೆ ಬುಧವಾರ, ಗುರುವಾರವೇ ನೀರು ಮಣ್ಣಿನ ಒಳಗೆ ಇಳಿದಿರಬೇಕು.

ಹಿಂದಿನ ವಾರದ ರೇಸ್‌ನಲ್ಲಿ ಟೈರ್ ಉಜ್ಜಿ ಉಜ್ಜಿ ಮೇಲ್ಪದರ ಗಟ್ಟಿಯಾಗಿ ಕಪ್ಪಗೆ ಹೊಳೆಯುತ್ತಿರುತ್ತದೆ. ಅದರ ಮೇಲೆ ಎಷ್ಟು ನೀರು ಸುರಿದರೂ ಕೆಳಗಿಳಿಯುವುದಿಲ್ಲ, ಬ್ಯಾಂಕಿಂಗ್‌ನ (ತಿರುವಿನಲ್ಲಿ ಟ್ರ್ಯಾಕ್ ಓರೆಯಾಗಿರುವುದು) ಇಳಿಜಾರಿನಲ್ಲಿ ಹರಿದು ಒಳಗಿನ ಅಂಚಿಗೆ ಹೋಗಿ ನಿಲ್ಲುತ್ತದೆ. ಅದಕ್ಕೇ ಮೊದಲು ಕೆಲವು ಇಂಚು ಆಳಕ್ಕೆ ಕಿತ್ತು, ಡಿಸ್ಕ್ ಹೊಡೆದು, ನೀರು ಬಿಟ್ಟು, ರಾತ್ರಿಯಿಡೀ ಹಾಗೇ ಬಿಡಬೇಕು. ಮರುದಿನ ಟಿಲ್ಲರ್ ಓಡಿಸಿ ಮತ್ತೆ ನೀರು. ಹೆಂಟೆ ಒಡೆದು ಮಣ್ಣಿಗೆ ಹದ ಬಂದ ಮೇಲೆ ಶೀಪ್ಸ್‌ಫುಟ್ ರೋಲರ್. ಅದರ ಡ್ರಮ್ಮಿನ ಮೇಲಿರುವ ಗುಬಟುಗಳು ಮೇಲ್ಪದರವನ್ನು ದಾಟಿ ಹೋಗಿ ಕೆಳಗಿನಿಂದ ಮಣ್ಣನ್ನು ಒತ್ತುತ್ತಾ ಬರುತ್ತವೆ. ಊರಲ್ಲಿ ಸುಗ್ಗಿಗೆ ಕಣ ಮಾಡುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ: ನೆಲ ಅಗೆದು, ನೀರು ಕುಡಿಸಿ, ದನ ಹೊಡೆದು ತುಳಿಸಿ, ಗಟ್ಟಿಯಾದ ಮೇಲೆ ಸಗಣಿ ಸಾರಿಸುತ್ತಿದ್ದರು. ಸುಮ್ನೆ ಮೇಲೆ ನೀರು ಚಿಮುಕಿಸಿ ಯಾರೂ ಕಣ ಮಾಡುತ್ತಿರಲಿಲ್ಲ, ಅಲ್ವಾ?

ಕೊನೆಯದು ವೀಲ್ ಪ್ಯಾಕಿಂಗ್. ಸಂಜೆ ರೇಸ್ ಕಾರುಗಳನ್ನೂ ಪುಷ್ ಟ್ರಕ್‌ಗಳನ್ನೂ (ರೇಸ್ ಕಾರುಗಳನ್ನು ತಳ್ಳಿ ಸ್ಟಾರ್ಟ್ ಮಾಡಿಸುವ ಗಾಡಿಗಳು) ನಿಧಾನವಾಗಿ ಸುತ್ತಿಸಿ ಮೇಲಿನ ಹಸಿ ಮಣ್ಣನ್ನು ಒತ್ತಿಸುತ್ತಾರೆ. ಡ್ರೈವರ್‌ಗಳಿಗೆ ಇದು ಬೇಜಾರು, ಕಾರೆಲ್ಲ ಕೆಸರಾಗುತ್ತದೆ, ರೇಡಿಯೇಟರ್‌ಗೂ ಮಣ್ಣು ಮೆತ್ತಿಕೊಳ್ಳುತ್ತದೆ. ಹಾಗಾಗಿ ಕರೆದಾಗ ಬರುವವರು ಕಡಿಮೆ, ಬಂದವರೂ ಒಣಗಿರುವ ಒಂದೇ ಗೆರೆಯಲ್ಲಿ ಸುತ್ತುತ್ತಾರೆ. ಆದರೆ ಆ ಅರ್ಧ ಗಂಟೆಯ ಕೆಲಸ ಸರಿಯಾಗಿ ಆಗದಿದ್ದರೆ ರಾತ್ರಿಯೆಲ್ಲ ಧೂಳು ಕುಡಿಯುವುದೂ ಅವರೇ.

ಮಣ್ಣಿನ ಪಾತ್ರವೂ ದೊಡ್ಡದು. ಜೇಡಿಮಣ್ಣಿನ ಕಣ 0.002 ಮಿಲಿಮೀಟರ್‌ಗಿಂತ ಸಣ್ಣದು, ನೀರನ್ನು ಹಿಡಿದಿಟ್ಟುಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕಿಂತ ದಪ್ಪ, ಮರಳಿಗಿಂತ ಸಣ್ಣ ಇರುವುದು ಸಿಲ್ಟ್. ಅದಕ್ಕೆ ಅಂಟೂ ಕಡಿಮೆ, ತೂಕವೂ ಕಡಿಮೆ, ಒಣಗಿದ ತಕ್ಷಣ ಗಾಳಿಗೆ ಏರುತ್ತದೆ. ವರ್ಷ ವರ್ಷ ರೇಸ್ ನಡೆದಂತೆ ಮಣ್ಣು ಟೈರ್‌ಗೆ ಅಂಟಿ, ಹೆಂಟೆಯಾಗಿ ಹಾರಿ, ಬೇಲಿಯಾಚೆ ಹೋಗುತ್ತಲೇ ಇರುತ್ತದೆ. ಹೊಸ ಜೇಡಿಮಣ್ಣು ತಂದು ಸೇರಿಸದ ಟ್ರ್ಯಾಕ್‌ನಲ್ಲಿ ಉಳಿಯುವುದು ಮರಳು, ಸಿಲ್ಟ್ ಮತ್ತು ಕಲ್ಲು. ನೀವು ಹೇಳಿದ ಟ್ರ್ಯಾಕ್‌ಗೆ ಇದೂ ಆಗಿರಬಹುದು.

ಇನ್ನು ಬದಲಾಗಿದ್ದು ಏನು ಅಂದರೆ, ನಾನು ಕಂಡ ಮಟ್ಟಿಗೆ, ಸಮಯ. ಒಂದೇ ರಾತ್ರಿ ಐದಾರು ಕ್ಲಾಸ್, ಅಂದರೆ ಐದಾರು ಬಗೆಯ ಕಾರುಗಳ ರೇಸ್, ಓಡಿಸುತ್ತಾರೆ. ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ಇಷ್ಟು ಹೊತ್ತಿಗೆ ಮುಗಿಸಬೇಕು ಅನ್ನುವ ನಿಯಮ ಬೇರೆ. ನೇರಪ್ರಸಾರ ಇದ್ದರೆ ಖಾಲಿ ಟ್ರ್ಯಾಕ್ ತೋರಿಸಲು ಯಾರಿಗೂ ಇಷ್ಟವಿಲ್ಲ. ಹಾಗಾಗಿ ಫೀಚರ್‌ಗೆ ಮುಂಚೆ ಬಿಡುವು ಕೊಟ್ಟು, ಗ್ರೇಡರ್ ಎಳೆದು, ಸ್ವಲ್ಪ ನೀರು ಕೊಟ್ಟು, ಮತ್ತೆ ಒತ್ತಿಸುವ ಕೆಲಸಕ್ಕೇ ಮೊದಲು ಕತ್ತರಿ ಬೀಳುತ್ತದೆ.

ಜೋಳದನಾಡು:

ಕೆಸರುಗಾಲಿ ಅವರು ಬರೆದಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಹಿಂದೆ ಧೂಳೇ ಇರಲಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಾನಿರುವುದು ಅಯೋವಾದಲ್ಲಿ, ನಾಕ್ಸ್‌ವಿಲ್‌ಗೆ ಹತ್ತಿರ. ಇಲ್ಲಿನ ಅರ್ಧ ಮೈಲಿಯ ಟ್ರ್ಯಾಕ್ ಕೌಂಟಿ ಜಾತ್ರೆಯ ಮೈದಾನದಲ್ಲೇ ಇದೆ. ಅಮೆರಿಕದ ಎಷ್ಟೋ ಹಳೆಯ ಡರ್ಟ್ ಟ್ರ್ಯಾಕ್‌ಗಳು ಹೀಗೆ ಕುದುರೆ ಓಡಿಸಲು ಮಾಡಿದ ಜಾಗಗಳೇ. ಕುದುರೆಗೆ ಬೇಕಾಗಿದ್ದು ಸಡಿಲ ಮೆತ್ತನೆ ಮಣ್ಣು, ಅದರ ಮೇಲೆ ಕಾರು ಬಿಟ್ಟರೆ ಧೂಳಲ್ಲದೆ ಇನ್ನೇನು? ಹಳೆಯ ಕಪ್ಪು ಬಿಳುಪು ಫೋಟೋಗಳನ್ನು ನೋಡಿ, ಮುಂದಿನ ಕಾರು ಬಿಟ್ಟರೆ ಹಿಂದೆ ಇರುವುದೆಲ್ಲ ಧೂಳಿನಲ್ಲಿ ಮುಚ್ಚಿಹೋಗಿರುತ್ತದೆ.

ಆಗಿನ ಕಾಲದಲ್ಲಿ ಧೂಳಿಗೆ ಸುಲಭದ ಮದ್ದು ಹಳೆಯ ಎಂಜಿನ್ ಆಯಿಲ್. ಟ್ರ್ಯಾಕ್, ಕುದುರೆ ಅಂಗಳ, ಹಳ್ಳಿ ರಸ್ತೆ, ಎಲ್ಲ ಕಡೆ ಸುರಿಯುತ್ತಿದ್ದರು. ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಮಿಸೌರಿಯ ಟೈಮ್ಸ್ ಬೀಚ್ ನೋಡಿ. 70ರ ದಶಕದಲ್ಲಿ ಒಬ್ಬ ಗುತ್ತಿಗೆದಾರ ಧೂಳು ಅಡಗಿಸಲು ಅಲ್ಲಿನ ರಸ್ತೆಗಳಿಗೆ ಹಳೆಯ ಆಯಿಲ್ ಹಾಕಿದ. ಅದರಲ್ಲಿ ಕೆಮಿಕಲ್ ಕಾರ್ಖಾನೆಯ ಡಯಾಕ್ಸಿನ್ ಕಸ ಬೆರೆತಿತ್ತು. ಅದೇ ಆಯಿಲ್ ಹಾಕಿದ ಕುದುರೆ ಅಂಗಳಗಳಲ್ಲಿ ಕುದುರೆಗಳು ಸತ್ತವು, ಹಕ್ಕಿಗಳು ಉದುರಿ ಬಿದ್ದವು. 1983ರಲ್ಲಿ ಸರ್ಕಾರ ಇಡೀ ಊರನ್ನೇ ಕೊಂಡುಕೊಂಡು ಜನರನ್ನು ಬೇರೆ ಕಡೆಗೆ ಕಳಿಸಬೇಕಾಯಿತು. ಹಾಗಾಗಿ ಹಿಂದಿನ ಟ್ರ್ಯಾಕ್ ಧೂಳಿಲ್ಲದೆ ಚೆನ್ನಾಗಿತ್ತು ಅಂತ ಯಾರಾದರೂ ಹೇಳಿದರೆ ಅದಕ್ಕೆ ಏನು ಸುರಿಯುತ್ತಿದ್ದರು ಅಂತ ನಾನು ಕೇಳುತ್ತೇನೆ.

ಕ್ಯಾಲ್ಸಿಯಂ ಕ್ಲೋರೈಡ್ ಅದಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ಅದು ಒಂದು ಬಗೆಯ ಉಪ್ಪು, ನಿಮ್ಮ ಒಹಾಯೊದಲ್ಲಿ ಚಳಿಗಾಲದ ರಸ್ತೆಗೂ ಹಾಕುತ್ತಾರೆ. ಗಾಳಿಯ ತೇವವನ್ನು ಎಳೆದುಕೊಂಡು ಮಣ್ಣನ್ನು ಹಸಿಯಾಗಿ ಇಡುತ್ತದೆ. ಗಾಳಿಯಲ್ಲಿ ತೇವ ಇರುವ ನಮ್ಮ ಕಡೆ ಕೆಲಸ ಮಾಡುತ್ತದೆ, ಒಣ ಹವೆಯ ಕಡೆ ಅಷ್ಟಾಗಿ ಇಲ್ಲ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ. ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ, ಕಣ್ಣಿಗೆ ಗಾಯಕ್ಕೆ ತಗುಲಿದರೆ ಉರಿಯುತ್ತದೆ. ಮಗಳ ವಿಷಯದಲ್ಲಿ ನನಗೆ ಉಪ್ಪಿಗಿಂತ ಧೂಳಿನದೇ ಚಿಂತೆ. ಆ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಂದು ಒಳ್ಳೆಯ ಮಾಸ್ಕ್ ಮತ್ತು ಕನ್ನಡಕ ಕೊಡಿಸಿ.

ಇನ್ನೊಂದು ಮಾತು. ಸ್ಲಿಕ್ ಬೇರೆ, ಧೂಳು ಬೇರೆ. ಒಣಗಿ ಗಟ್ಟಿಯಾಗಿ ಜಾರುವ ಟ್ರ್ಯಾಕ್‌ನಲ್ಲಿ ಧೂಳು ಇರಲೇಬೇಕು ಅಂತಿಲ್ಲ. ಒಳಗೆ ತೇವ ಇದ್ದರೆ ಮೇಲೆ ಸ್ಲಿಕ್ ಆಗಿಯೂ ಸ್ವಚ್ಛವಾಗಿರುತ್ತದೆ, ಸಡಿಲ ಮಣ್ಣೆಲ್ಲ ಹೊರಗೋಡೆಯ ಹತ್ತಿರ ಕುಶನ್ ಆಗಿ ಕೂತಿರುತ್ತದೆ, ಒಬ್ಬ ಕೆಳಗಿನ ಗೆರೆಯಲ್ಲಿ ನಾಜೂಕಾಗಿ ಬಂದರೆ ಇನ್ನೊಬ್ಬ ಕುಶನ್‌ಗೆ ಹಿಂದಿನ ಟೈರ್ ಒರಗಿಸಿಕೊಂಡು ಮೇಲಿನಿಂದ ದಾಟುತ್ತಾನೆ. ನನ್ನ ಪ್ರಕಾರ ಅದೇ ಅತ್ಯುತ್ತಮ ರೇಸ್. ಹೆಂಟೆ ಹಾರುವಷ್ಟು ಹಸಿ ಇದ್ದರೆ ಎಲ್ಲರೂ ಫುಲ್ ಥ್ರಾಟಲ್, ಯಾರೂ ಯಾರನ್ನೂ ದಾಟುವುದಿಲ್ಲ. ಸುಮಾರು 900 ಹಾರ್ಸ್‌ಪವರ್‌ನ, 1,400 ಪೌಂಡ್ ತೂಕದ ಈಗಿನ ಸ್ಪ್ರಿಂಟ್ ಕಾರಿಗೆ ಅಂಥ ಮಣ್ಣಿನಲ್ಲಿ ಕೊರಕಲು ಬಿದ್ದರೆ ಪಲ್ಟಿ ಹೊಡೆಯುವುದು ಕ್ಷಣದ ಕೆಲಸ. ಹಿರಿಯರು ನೆನಪಿಸಿಕೊಳ್ಳುವ ಹೆಂಟೆ ಹಾರುವ ಟ್ರ್ಯಾಕ್‌ಗಳನ್ನು ಈಗಿನವರು ಬೇಕಂತಲೇ ಬಿಟ್ಟಿದ್ದಾರೆ, ಅದು ಒಳ್ಳೆಯದೇ ಆಯಿತು.

ಘಟ್ಟದ_ರಸ್ತೆ:

ಓದಿ ಖುಷಿಯಾಯಿತು. ನಾನು ಚಿಕ್ಕಮಗಳೂರಿನವನು. ಇಲ್ಲಿ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ರ‍್ಯಾಲಿ ನಡೆಯುತ್ತದೆ, ಕೆಂಪು ಮಣ್ಣು, ಮಳೆ ನಿಂತು ಕೆಲವು ವಾರಕ್ಕೇ ಹಿಟ್ಟಾಗುತ್ತದೆ. ಆದರೆ ರ‍್ಯಾಲಿಯಲ್ಲಿ ಕಾರುಗಳನ್ನು ಒಂದೊಂದಾಗಿ ಬಿಡುವುದರಿಂದ ಧೂಳು ಜಾಸ್ತಿ ಇದ್ದರೆ ನಡುವಿನ ಅಂತರ ಹೆಚ್ಚಿಸಿದರೆ ಆಯಿತು. ನಿಮ್ಮ ಓವಲ್‌ನಲ್ಲಿ (ಅಂಡಾಕಾರದ ಟ್ರ್ಯಾಕ್) ಇಪ್ಪತ್ತಕ್ಕೂ ಹೆಚ್ಚು ಕಾರು ಒಟ್ಟಿಗೆ ಹೋಗುವಾಗ ಏನು ಮಾಡುತ್ತಾರೆ?

ನಮ್ಮ ಕಡೆ ಮೈದಾನದಲ್ಲಿ ನಡೆಯುವ ಬೈಕ್ ಡರ್ಟ್ ರೇಸ್‌ಗಳಲ್ಲಿ ಇದೇ ಗೋಳು. ಬೆಳಗ್ಗೆ ಒಂದು ಟ್ಯಾಂಕರ್ ನೀರು ಹೊಡೆಸುತ್ತಾರೆ, ಮೊದಲ ರೇಸ್ ಕೆಸರು, ಮಧ್ಯಾಹ್ನಕ್ಕೆ ಧೂಳು. ಹಿಂದಿನ ದಿನವೇ ಉಳುಮೆ ಮಾಡಿಸಿ ನೀರು ಬಿಡೋಣ ಅಂದರೆ ಆಯೋಜಕರು ಖರ್ಚು ಅನ್ನುತ್ತಾರೆ. ಆ ಉಪ್ಪನ್ನು ನಾವೂ ಹಾಕಬಹುದೇ?

ಕೆಸರುಗಾಲಿ:

ಅಣ್ಣ, ಉಪ್ಪಿಗೆ ಮೊದಲು ಉಳುಮೆ. ಒಳಗೆ ತೇವ ಇಲ್ಲದ ನೆಲಕ್ಕೆ ಉಪ್ಪು ಹಾಕಿ ದುಡ್ಡು ಹಾಳು ಮಾಡಬೇಡಿ. ಬೇರೆ ದಿನ ಮಕ್ಕಳು ಆಡುವ, ಹುಲ್ಲು ಬೆಳೆಯುವ ಮೈದಾನವಾದರೆ ಉಪ್ಪು ಬೇಡವೇ ಬೇಡ. ಬಾಡಿಗೆಗೆ ಒಂದು ಟ್ರ್ಯಾಕ್ಟರ್, ರೋಟವೇಟರ್, ಎರಡು ದಿನ ಮುಂಚೆ ಸಂಜೆ ಹೊತ್ತು ನೀರು, ಆಮೇಲೆ ರಸ್ತೆ ಕೆಲಸದ ರೋಲರ್. ಬೆಳಗ್ಗೆ ಒಂದೇ ಸಲ ಸುರಿಯುವ ನೀರನ್ನು ಎರಡು ಸಂಜೆಗೆ ಹಂಚಿದರೂ ಸಾಕು, ವ್ಯತ್ಯಾಸ ಕಾಣುತ್ತದೆ.

ನಿಮ್ಮ ಓವಲ್ ಪ್ರಶ್ನೆಗೆ 2021ರ ಬ್ರಿಸ್ಟಲ್ ನೋಡಿ. ಅಮೆರಿಕದ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್‌ನ ಮುಖ್ಯ ಸರಣಿ 1970ರ ನಂತರ ಮೊದಲ ಸಲ ಮಣ್ಣಿಗೆ ಬಂದಿದ್ದು ಆಗ. ಟೆನೆಸಿಯ ಕಾಂಕ್ರೀಟ್ ಟ್ರ್ಯಾಕ್ ಮೇಲೆ ಸುಮಾರು 2,300 ಲಾರಿ ಲೋಡ್, 23,000 ಘನ ಗಜ ಮಣ್ಣು ತಂದು ಹಾಸಿದರು. ಖರ್ಚಿಗೆ ಕೊರತೆ ಇರಲಿಲ್ಲ, ಯಂತ್ರಕ್ಕೂ ಇರಲಿಲ್ಲ. ಶನಿವಾರ ಮಳೆ ಬಂದು ಮಣ್ಣೆಲ್ಲ ವಿಂಡ್‌ಶೀಲ್ಡ್‌ಗೆ ಮೆತ್ತಿಕೊಂಡು ಹೀಟ್ ರೇಸ್ ರದ್ದಾಯಿತು. ಭಾನುವಾರವೂ ಮಳೆ. ಸೋಮವಾರ ಹಗಲು ಬಿಸಿಲಿನಲ್ಲಿ ಓಡಿಸಿದರು, ಆಗ ಧೂಳು ಎಷ್ಟು ಎದ್ದಿತು ಅಂದರೆ ಮುಂದಿನ ಕಾರು ಕಾಣದೆ ರೇಸ್ ನಡುವೆಯೇ ರೀಸ್ಟಾರ್ಟ್‌ಗಳನ್ನು (ತಡೆದ ರೇಸನ್ನು ಮತ್ತೆ ಶುರು ಮಾಡುವುದು) ಒಂದೇ ಸಾಲಿಗೆ ಬದಲಾಯಿಸಬೇಕಾಯಿತು. ಓವಲ್‌ನಲ್ಲಿ ಕೈಯಲ್ಲಿರುವುದು ಅಷ್ಟೇ: ಸಾಲು ಒಂದು ಮಾಡಿ, ಇಲ್ಲ ರೇಸ್ ನಿಲ್ಲಿಸಿ ನೀರು ಹಾಕಿ. ಮರುವರ್ಷ ಅದನ್ನು ರಾತ್ರಿಗೆ ಹಾಕಿದರು. ಸೂರ್ಯ ಮುಳುಗಿದ ಮೇಲೆ ಮಣ್ಣಿನ ತೇವ ಅಷ್ಟು ಬೇಗ ಹಾರಿಹೋಗುವುದಿಲ್ಲ, ಸಣ್ಣ ಟ್ರ್ಯಾಕ್‌ನವರಿಗೆಲ್ಲ ಇದು ಮೊದಲಿನಿಂದ ಗೊತ್ತು. 2024ಕ್ಕೆ ಬ್ರಿಸ್ಟಲ್ ಮತ್ತೆ ಕಾಂಕ್ರೀಟ್‌ಗೆ ಮರಳಿತು.

ಒಹಾಯೊ_ಕನ್ನಡಿಗ:

ತುಂಬಾ ಥ್ಯಾಂಕ್ಸ್, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಟೈಮ್ಸ್ ಬೀಚ್ ಕಥೆ ಓದಿ ಗಾಬರಿಯೇ ಆಯಿತು. ಮುಂದಿನ ಸಲ ಟ್ರ್ಯಾಕ್‌ನವರು ಸಿಕ್ಕರೆ ವಾರದ ಮಧ್ಯೆ ಮಣ್ಣು ಕೀಳುತ್ತೀರಾ ಅಂತ ಕೇಳುತ್ತೇನೆ. ಅಲ್ಲಿಯವರೆಗೆ ಮಗಳ ಜೊತೆ ಎಲ್ಲಿ ಕೂತರೆ ಧೂಳು ಕಡಿಮೆ?

ಜೋಳದನಾಡು:

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಬಾವುಟ ನೋಡಿ, ಗಾಳಿ ನಿಮ್ಮ ಬೆನ್ನಿಗೆ ಬರುವ ಕಡೆ ಕೂರಿ. ಒಂದೇ ಬದಿಗೆ ಸ್ಟ್ಯಾಂಡ್ ಇದ್ದು ಗಾಳಿ ಎದುರಿನಿಂದ ಬರುತ್ತಿದ್ದರೆ ತಿರುವುಗಳ ಹತ್ತಿರ ಬೇಡ, ಕಾರು ಜಾರಿ ಮಣ್ಣು ಎರಚುವುದು ಅಲ್ಲೇ ಜಾಸ್ತಿ. ಸ್ಟ್ರೈಟ್‌ನ ನಡುವೆ, ಆದಷ್ಟು ಮೇಲಿನ ಸಾಲು. ತಿಂಡಿಗೆ ಮುಚ್ಚಳ ಇರುವ ಡಬ್ಬಿ ಒಯ್ಯಿರಿ. ಮಗಳ ಕಿವಿಗೂ ಇಯರ್ ಮಫ್ ಇರಲಿ, ಸ್ಪ್ರಿಂಟ್ ಕಾರ್ ಸದ್ದು ಮಕ್ಕಳಿಗೆ ತೀರಾ ಜೋರು.