ಅಪ್‌ಡೇಟ್: ಮಗಳ ಮೂಳೆ ಕಾಯಿಲೆ ಮತ್ತು ಕನ್ನಡಕದ ನಂಬರ್

ಮಗಳಿಗೆ ಎಸ್‌ಇಡಿಸಿ ಅನ್ನುವ ಹುಟ್ಟು ಮೂಳೆ ಕಾಯಿಲೆ, ಆರು ವರ್ಷಕ್ಕೇ ಕನ್ನಡಕದ ನಂಬರ್ ಮೈನಸ್ 9, ಎರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೆ. ರೆಟಿನಾ (ಕಣ್ಣಿನ ಒಳಪರದೆ) ಡಾಕ್ಟರಿಗೆ ತೋರಿಸಿ ಅಂದವರಿಗೆಲ್ಲ ಥ್ಯಾಂಕ್ಸ್. ತೋರಿಸಿದೆವು.

ಸಂಬಂಧ ಇದೆ. ಟೈಪ್ 2 ಕೊಲಾಜನ್ ಅನ್ನುವ ಪ್ರೋಟೀನ್ ಮೂಳೆ ತುದಿಯ ಮೆತ್ತನೆ ಮೃದ್ವಸ್ಥಿಯಲ್ಲೂ ಇರುತ್ತದೆ, ಕಣ್ಣೊಳಗಿನ ಜೆಲ್ಲಿಯಲ್ಲೂ ಇರುತ್ತದೆ. ಅದರ ಜೀನ್ ಕೆಟ್ಟರೆ ಎರಡೂ ಕಡೆ ಪೆಟ್ಟು.

ಡ್ರಾಪ್ಸ್ ಹಾಕುವಾಗ ರಂಪವೋ ರಂಪ. ಬಲಗಣ್ಣಿನ ಅಂಚಲ್ಲಿ ರೆಟಿನಾ ತೆಳುವಾಗಿದೆ, ಸದ್ಯ ಹರಿದಿಲ್ಲ. ಪೂರ್ತಿ ನೋಡಲು ಅರಿವಳಿಕೆ ಕೊಡಬೇಕಂತೆ. ಅದಕ್ಕೂ ಮೊದಲು ಕತ್ತಿನ ಎಕ್ಸ್‌ರೇ! ಈ ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲ ಇರಬಹುದು. ಅರಿವಳಿಕೆ ಹೊತ್ತಲ್ಲಿ ತಲೆ ಜಾಸ್ತಿ ಬಾಗಿಸಿದರೆ ಬೆನ್ನುಹುರಿಗೆ ಅಪಾಯ. ಕಣ್ಣಿಗೂ ಕತ್ತಿಗೂ ಏನು ಸಂಬಂಧ ಅಂತ ನಮ್ಮತ್ತೆ ಇನ್ನೂ ಕೇಳುತ್ತಿದ್ದಾರೆ.

ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆ ತೇಲಿದರೆ, ಪರದೆ ಇಳಿದಂತೆ ಕಂಡರೆ ರೆಟಿನಾ ಹರಿದಿರಬಹುದು, ಅದೇ ದಿನ ಬನ್ನಿ ಅಂದಿದ್ದಾರೆ. ಆದರೆ ಇಷ್ಟು ಚಿಕ್ಕವಳು ಹೇಳಬೇಕಲ್ವಾ? ಅದಕ್ಕೇ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆ ಕ್ಯಾಲೆಂಡರ್ ಓದಿಸುತ್ತೇನೆ, ಸುಮ್ನೆ ಆಟ ಅಂತ. ಎಕ್ಸ್‌ರೇ ಮುಂದಿನ ವಾರ.