ಹೊಸ ಆರಾಧನಾ ಗೀತೆಗಳನ್ನು ಸತ್ಯವೇದಕ್ಕೆ ಹಿಡಿದು ನೋಡುವುದು ಹೇಗೆ?

ಪ್ರಶ್ನೆ – ಗಾನವೃಂದದ ಸದಸ್ಯ, ಬೆಂಗಳೂರು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ ಹಾಡುಗಳ ಹೊಣೆ ಹೊತ್ತಿದ್ದೇನೆ. ನಮ್ಮಲ್ಲಿ ಭಾನುವಾರ ಬೆಳಗಿನ ಆರಾಧನೆಯಲ್ಲಿ ಹಳೆಯ ಸಂಗೀತ ಪುಸ್ತಕದ ಗೀತೆಗಳನ್ನೂ ಸಂಜೆಯ ಯುವಜನರ ಆರಾಧನೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಹೊಸ ಹಾಡುಗಳನ್ನೂ ಹಾಡುವುದು ರೂಢಿ. ಈ ಅನುವಾದದ ಕೆಲಸ ನಾಲ್ಕು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕಳೆದ ತಿಂಗಳು ಸಭೆಯ ಹಿರಿಯರು ನನ್ನನ್ನು ಕರೆದು, ಇನ್ನು ಮುಂದೆ ಯಾವ ಹೊಸ ಹಾಡನ್ನು ಹಾಡಿಸಬೇಕಾದರೂ ಅದರ ಪ್ರತಿ ಸಾಲಿನ ಎದುರಿಗೆ ಸತ್ಯವೇದದ ಒಂದು ವಚನವನ್ನು ಬರೆದು ತೋರಿಸಬೇಕೆಂದು ಹೇಳಿದರು. ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಬೆರೋಯದವರು ಪೌಲನ ಬೋಧನೆಯನ್ನೇ ದಿನದಿನವೂ ಶಾಸ್ತ್ರಕ್ಕೆ ಹಿಡಿದು ನೋಡಿದರೆಂದು ಅಪೊಸ್ತಲರ ಕೃತ್ಯಗಳು 17ರಲ್ಲಿ ಓದುವ ನಾವು, ಹಾಡು ಬರೆದವರನ್ನು ಮಾತ್ರ ಕೇಳದೆ ಬಿಡುವುದು ಸರಿಯಲ್ಲ ಎಂಬ ಅವರ ಮಾತನ್ನು ನಾನೂ ಒಪ್ಪುತ್ತೇನೆ.

ಆದರೆ ಕೂತು ಬರೆಯತೊಡಗಿದಾಗ ತೊಡಕಾಯಿತು. ಕೆಲವು ಹಾಡುಗಳಲ್ಲಿ ಪ್ರತಿ ಸಾಲಿಗೂ ವಚನ ಸಿಗುತ್ತದೆ, ಆದರೂ ಇಡೀ ಹಾಡು ಮನಸ್ಸಿಗೆ ಸರಿಯಾಗಿ ಕೂರುವುದಿಲ್ಲ. ಇನ್ನು ಕೆಲವದರಲ್ಲಿ ಒಂದೇ ಪದ ದಾರಿಗೆ ಅಡ್ಡ ನಿಲ್ಲುತ್ತದೆ. ನಿಮ್ಮ ಮುಂದೆ ಮೂರು ಹಾಡುಗಳನ್ನು ಇಡುತ್ತೇನೆ. ಮೊದಲನೆಯದು 2017ರಲ್ಲಿ ಬಂದ 'ರೆಕ್‌ಲೆಸ್ ಲವ್', ಅಂದರೆ ಹಿಂದುಮುಂದು ನೋಡದ ಪ್ರೀತಿ. ದೇವರ ಪ್ರೀತಿಗೆ ಆ ವಿಶೇಷಣ ತಕ್ಕದ್ದೇ? ಎರಡನೆಯದು 2016ರ 'ವಾಟ್ ಎ ಬ್ಯೂಟಿಫುಲ್ ನೇಮ್'. ನಾವಿಲ್ಲದ ಪರಲೋಕ ದೇವರಿಗೆ ಬೇಡವಾಯಿತು ಎಂಬ ಅರ್ಥದ ಒಂದು ಸಾಲು ಅದರಲ್ಲಿದೆ. ಮೂರನೆಯದು 2001ರ 'ಇನ್ ಕ್ರೈಸ್ಟ್ ಅಲೋನ್'. ಶಿಲುಬೆಯ ಮೇಲೆ ದೇವರ ಕೋಪವು ತೃಪ್ತಿ ಹೊಂದಿತು ಎಂಬ ಸಾಲನ್ನು ನಮ್ಮ ಯುವಕರಲ್ಲಿ ಕೆಲವರು ಹಾಡಲು ಹಿಂಜರಿಯುತ್ತಾರೆ. ಅನುಭವಸ್ಥರು ತಾವು ಯಾವ ಅಳತೆಗೋಲನ್ನು ಬಳಸುತ್ತೀರೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ನಿವೃತ್ತ ಸಭಾಪಾಲಕ, ಮಂಗಳೂರು

ಪ್ರಿಯ ಸಹೋದರರೇ, ನಿಮ್ಮ ಹಿರಿಯರ ಕಾಳಜಿ ದೊಡ್ಡದು, ಆದರೆ ಅವರು ಕೊಟ್ಟ ವಿಧಾನ ಸಾಲದು. ಸಾಲಿಗೊಂದು ವಚನ ಸಿಕ್ಕಿತೆಂದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲ. ದೇವಾಲಯದ ಶಿಖರದ ಮೇಲೆ ಸೈತಾನನು ಯೇಸುವಿನ ಮುಂದಿಟ್ಟದ್ದು ಸತ್ಯವೇದದ 91ನೆಯ ಕೀರ್ತನೆಯ ಮಾತುಗಳನ್ನೇ. ಅವನ ಸಾಲಿಗೆ ವಚನವಿತ್ತು, ಆದರೆ ಅವನು ಅದನ್ನು ಎಳೆದು ತಂದ ದಿಕ್ಕು ಸುಳ್ಳಾಗಿತ್ತು. ಇನ್ನೊಂದು ಕಡೆ, ತಂದೆ, ಮಗ, ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರೆಂದು ಹೇಳುವ 'ತ್ರಿಯೇಕ' ಎಂಬ ಪದ ಸತ್ಯವೇದದ ಯಾವ ಪುಟದಲ್ಲಿಯೂ ಇಲ್ಲ, ಆದರೂ ಆ ಪದವನ್ನು ನಾವು ಬಿಟ್ಟುಕೊಡಲಾರೆವು. ಆದುದರಿಂದ ನಾನು ಸೇವೆಯಲ್ಲಿದ್ದ ದಿನಗಳಲ್ಲಿ ಬೇರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದ್ದೆ: ಪ್ರಸಂಗವನ್ನು ಮನೆಗೆ ಹೋಗುವಷ್ಟರಲ್ಲಿ ಮರೆಯುವ, ಆದರೆ ಈ ಹಾಡನ್ನು ಹತ್ತು ವರ್ಷ ಅಡುಗೆಮನೆಯಲ್ಲಿ ಗುನುಗುವ ಒಬ್ಬ ತಾಯಿ, ಕೊನೆಗೆ ದೇವರನ್ನು ಎಂಥವನೆಂದು ನಂಬಿರುತ್ತಾಳೆ? ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3:16ರಲ್ಲಿ ಪೌಲನು ಹಾಡುವುದನ್ನೂ ಉಪದೇಶಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಸುಮ್ಮನೆ ಅಲ್ಲ.

ನಿಮ್ಮ ಮೊದಲನೆಯ ಹಾಡಿಗೆ ಬರುತ್ತೇನೆ. ಅದನ್ನು ಬರೆದವರಲ್ಲಿ ಒಬ್ಬರಾದ ಕೋರಿ ಆ್ಯಸ್‌ಬರಿ, ದೇವರೇ ವಿವೇಚನೆಯಿಲ್ಲದವನೆಂದು ತಾನು ಹೇಳುತ್ತಿಲ್ಲ, ತನಗೇನಾದೀತು ಎಂಬ ಚಿಂತೆಯನ್ನು ಬಿಟ್ಟು ಆತನು ಪ್ರೀತಿಸುವ ರೀತಿಯನ್ನು ಹೇಳುತ್ತಿದ್ದೇನೆ ಎಂದು ವಿವರಣೆ ಕೊಟ್ಟಿದ್ದಾರೆ. ಆ ವಿವರಣೆಯನ್ನು ನಾನು ಗೌರವಿಸುತ್ತೇನೆ. ಹಾಡಿನ ಚಿತ್ರವೂ ಲೂಕ 15ರದ್ದೇ: ತೊಂಬತ್ತೊಂಬತ್ತು ಕುರಿಗಳನ್ನು ಅಡವಿಯಲ್ಲಿ ಬಿಟ್ಟು ಒಂದನ್ನು ಹುಡುಕಿ ಹೊರಟ ಕುರುಬ. ಅದೇ ಅಧ್ಯಾಯದಲ್ಲಿ, ಊರವರು ನೋಡುತ್ತಾರೆಂಬ ಸಂಕೋಚವಿಲ್ಲದೆ ಮಗನ ಕಡೆಗೆ ಓಡಿದ ಮುದಿ ತಂದೆಯೂ ಇದ್ದಾನೆ. ಆದರೆ ಆ ಇಂಗ್ಲಿಷ್ ಪದವು ಪರಿಣಾಮವನ್ನು ಯೋಚಿಸದೆ ನುಗ್ಗುವವನಿಗೆ ಸಲ್ಲುವ ಪದ. ಕ್ರಿಸ್ತನು ಒಪ್ಪಿಸಲ್ಪಟ್ಟದ್ದು ದೇವರ ಸ್ಥಿರಸಂಕಲ್ಪದಿಂದ ಎಂದು ಪೇತ್ರನು ಪಂಚಾಶತ್ತಮ ದಿನದಲ್ಲಿ ಸಾರಿದನು. ಜಗದುತ್ಪತ್ತಿಗೆ ಮುಂಚೆಯೇ ಆ ಕುರಿಮರಿ ಗೊತ್ತುಮಾಡಲ್ಪಟ್ಟಿತ್ತೆಂದು ತನ್ನ ಮೊದಲನೆಯ ಪತ್ರಿಕೆಯಲ್ಲಿ ಬರೆದನು. ಬೆಲೆ ಎಷ್ಟೆಂದು ಮೊದಲೇ ಪೂರ್ತಿ ತಿಳಿದಿದ್ದು ಕೊಟ್ಟದ್ದರಿಂದಲೇ ಆ ಪ್ರೀತಿ ಅಷ್ಟು ದೊಡ್ಡದು. ಹಾಡಿನ ಕಥೆ ವೇದಾನುಸಾರವಾಗಿದೆ, ವಿಶೇಷಣ ಮಾತ್ರ ಸಡಿಲವಾಗಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಹಾಡುವವರನ್ನು ದುರ್ಬೋಧಕರೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಮೂರನೆಯ ಹಾಡಿನ ಚರಿತ್ರೆಯನ್ನು ನಿಮ್ಮ ಯುವಕರಿಗೆ ತಿಳಿಸಿರಿ. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯೊಂದು 2013ರಲ್ಲಿ ಹೊಸ ಗೀತಪುಸ್ತಕವನ್ನು ಹೊರತರುವಾಗ, ಕೋಪದ ಸಾಲಿನ ಬದಲು ದೇವರ ಪ್ರೀತಿಯು ಮಹಿಮೆಗೊಂಡಿತು ಎಂಬ ಸಾಲನ್ನು ಹಾಕಲು ಕೇಳಿಕೊಂಡಿತು. ಬರೆದವರಾದ ಕೀತ್ ಗೆಟ್ಟಿ ಮತ್ತು ಸ್ಟುವರ್ಟ್ ಟೌನೆಂಡ್ ಒಪ್ಪಲಿಲ್ಲ, ಸಮಿತಿಯು ಮತ ಹಾಕಿ ಹಾಡನ್ನೇ ಕೈಬಿಟ್ಟಿತು. ಬದಲಿಗೆ ಸೂಚಿಸಿದ ಸಾಲು ತನ್ನಷ್ಟಕ್ಕೆ ಸುಳ್ಳಲ್ಲ, ರೋಮಾ 5:8 ಅದಕ್ಕೆ ಸಾಕ್ಷಿ. ಆದರೆ ಒಂದು ಸತ್ಯವನ್ನು ತೆಗೆದು ಆ ಜಾಗದಲ್ಲಿ ಇನ್ನೊಂದು ಸತ್ಯವನ್ನು ಕೂರಿಸಿದಾಗ, ಕಳೆದುಹೋದದ್ದು ಏನೆಂದು ಕೇಳಲೇಬೇಕು. ಪಾಪದ ಮೇಲೆ ದೇವರಿಗಿರುವ ಕೋಪವನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದಿಂದ ತೆಗೆದುಬಿಟ್ಟರೆ, ಮೂರನೆಯ ಅಧ್ಯಾಯದ ಶಿಲುಬೆಗೆ ಕಾರಣವೇ ಉಳಿಯುವುದಿಲ್ಲ. ಬರೆದವರು ಒಪ್ಪದೆ ಇದ್ದದ್ದು ಸರಿಯೆಂದೇ ನನಗೆ ತೋರುತ್ತದೆ.

ಎರಡನೆಯ ಹಾಡಿನ ಸಾಲನ್ನು ಯೋಹಾನ 17ರೊಂದಿಗೆ ಓದಿರಿ. ತನ್ನವರು ತಾನಿರುವಲ್ಲಿಯೇ ಇರಬೇಕೆಂಬುದು ಯೇಸುವಿನ ಸ್ವಂತ ಪ್ರಾರ್ಥನೆ. ಆದರೆ ಅದೇ ಪ್ರಾರ್ಥನೆಯಲ್ಲಿ, ಲೋಕ ಉಂಟಾಗುವುದಕ್ಕಿಂತ ಮೊದಲೇ ತಂದೆಯ ಬಳಿ ತನಗಿದ್ದ ಮಹಿಮೆಯನ್ನೂ ಆತನು ನೆನೆಯುತ್ತಾನೆ. ದೇವರು ನಮ್ಮನ್ನು ಬಯಸಿದನು ಎಂಬುದು ನಿಜ, ನಾವಿಲ್ಲದೆ ಆತನಿಗೆ ಕೊರತೆಯಿತ್ತು ಎಂಬುದು ನಿಜವಲ್ಲ. ಸಾಲನ್ನು ಮೊದಲನೆಯ ಅರ್ಥದಲ್ಲಿ ಹಾಡಬಹುದು.

ಉತ್ತರ 2 – ಕನ್ನಡ ಅಧ್ಯಾಪಕಿ, ಧಾರವಾಡ

ಅಯ್ಯನವರು ಇಂಗ್ಲಿಷ್ ಹಾಡನ್ನು ಪರೀಕ್ಷಿಸಿದ ಬಗೆ ಸರಿಯಾಗಿಯೇ ಇದೆ. ಆದರೆ ತಮ್ಮಾ, ನಿನ್ನ ಸಭೆಯವರು ಹಾಡುವುದು ನಿನ್ನ ಕನ್ನಡವನ್ನು. ಪರೀಕ್ಷೆ ನಡೆಯಬೇಕಾದದ್ದು ಅಲ್ಲಿ, ಮತ್ತು ಅನುವಾದಕನಿಗೆ ಮೂಲದ ಅಸ್ಪಷ್ಟತೆಯ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ. 'ರೆಕ್‌ಲೆಸ್' ಎಂಬುದಕ್ಕೆ 'ಹುಚ್ಚು ಪ್ರೀತಿ' ಎಂದು ಹಾಕಿದರೆ ನಮ್ಮವರ ಕಿವಿಗೆ ಸಿನಿಮಾ ಹಾಡು ಕೇಳಿಸುತ್ತದೆ. 'ಅಜಾಗರೂಕ' ಎಂದರೆ ದೇವರ ಮೇಲೆ ಅಪವಾದ ಹೊರಿಸಿದಂತೆ. 'ಎಗ್ಗಿಲ್ಲದ' ಎಂಬುದು ಓಡಿಬಂದ ಆ ತಂದೆಗೆ ಹತ್ತಿರವಾದರೂ ಅದರಲ್ಲಿ ನಾಚಿಕೆಗೆಟ್ಟತನದ ಛಾಯೆ ಇದೆ. ನಾನು ಬಹಳ ಯೋಚಿಸಿ ಒಪ್ಪಿದ್ದು 'ಲೆಕ್ಕವಿಡದ ಪ್ರೀತಿ' ಎಂಬುದನ್ನು. ಕನ್ನಡದಲ್ಲಿ ಲೆಕ್ಕ ಹಾಕುವುದೇ ಬೇರೆ, ಲೆಕ್ಕ ಇಡುವುದೇ ಬೇರೆ. ದೇವರು ಲೆಕ್ಕ ಹಾಕದೆ ಕೊಡಲಿಲ್ಲ, ಅಯ್ಯನವರು ಹೇಳಿದಂತೆ ಬೆಲೆ ಆತನಿಗೆ ಗೊತ್ತಿತ್ತು. ಆದರೆ ನಮ್ಮ ತಪ್ಪುಗಳ ಲೆಕ್ಕವನ್ನು ಆತನು ಇಟ್ಟುಕೊಳ್ಳಲಿಲ್ಲ. 1 ಕೊರಿಂಥ 13:5ರಲ್ಲಿ ಪ್ರೀತಿಯನ್ನು ಕುರಿತೂ 2 ಕೊರಿಂಥ 5:19ರಲ್ಲಿ ಕ್ರಿಸ್ತನಲ್ಲಾದ ಸಮಾಧಾನವನ್ನು ಕುರಿತೂ ಪೌಲನು ಬಳಸಿದ ಗ್ರೀಕ್ ಕ್ರಿಯಾಪದ ಒಂದೇ, ಅದು ಲೆಕ್ಕಪತ್ರದ ಪದ. ಹೀಗೆ ಕನ್ನಡದ ಪದವು ಮೂಲ ಹಾಡಿಗಿಂತ ವಾಕ್ಯಕ್ಕೆ ಹತ್ತಿರವಾಗುತ್ತದೆ.

ಕೋಪದ ಸಾಲಿನಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 'ದೇವರ ಕೋಪ ತಣಿಯಿತು' ಎಂದು ಬರೆಯುವುದು ಸುಲಭ, ರಾಗಕ್ಕೂ ಕೂರುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಕೋಪ ತಣಿಸುವುದು ಎಂದ ಕೂಡಲೇ ಊರವರೆಲ್ಲ ಹಣ ಕೂಡಿಸಿ ಮಾರಿಗೆ ಬಲಿ ಕೊಡುವ ಜಾತ್ರೆ ನೆನಪಾಗುತ್ತದೆ. ಅಲ್ಲಿ ಕೊಡುವವರು ಜನರು, ಪಡೆಯುವುದು ದೇವತೆ. ಸುವಾರ್ತೆಯಲ್ಲಿ ಅದು ತಿರುವುಮುರುವಾಗಿದೆ: 1 ಯೋಹಾನ 4:10ರ ಪ್ರಕಾರ, ಯಾರ ವಿರುದ್ಧ ಪಾಪ ನಡೆಯಿತೋ ಆತನೇ ತನ್ನ ಮಗನನ್ನು ನಮ್ಮ ಪಾಪನಿವಾರಣೆಗಾಗಿ ಕಳುಹಿಸಿದನು, ಮತ್ತು ಪ್ರೀತಿಯೆಂದರೆ ಇದೇ ಎಂದು ಯೋಹಾನನು ಬರೆಯುತ್ತಾನೆ. ಕೋಪವೂ ಪ್ರೀತಿಯೂ ಆ ಒಂದೇ ವಚನದಲ್ಲಿ ಒಟ್ಟಿಗೆ ಇರುವಾಗ ಅಮೆರಿಕದ ಆ ಜಗಳದಲ್ಲಿ ಯಾವುದಾದರೂ ಒಂದನ್ನು ಆರಿಸಬೇಕಾಗಿ ಬಂದದ್ದೇ ನನಗೆ ದುಃಖದ ಸಂಗತಿ. ಸಾಲನ್ನು ಬಿಡಬೇಡ. 'ನಮ್ಮ ಮೇಲಿದ್ದ ಕೋಪವ ತಾನೇ ಹೊತ್ತನು' ಎಂಬ ಧಾಟಿಯಲ್ಲಿ ತಂದರೆ ಕೊಟ್ಟವನು ಯಾರೆಂಬುದು ಸ್ಪಷ್ಟವಾಗುತ್ತದೆ.

ಇನ್ನೊಂದು ಮಾತು, ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಕಾಣದ ಒಂದು ತಪ್ಪು ಕನ್ನಡಕ್ಕೆ ಬರುವಾಗ ಹುಟ್ಟಿಕೊಳ್ಳುತ್ತದೆ. ಹೊಸ ಹಾಡುಗಳಲ್ಲಿ 'ಪವಿತ್ರಾತ್ಮವೇ ಬಾ, ಮಳೆಯಂತೆ ಸುರಿ' ಎಂಬಂಥ ಸಾಲುಗಳನ್ನು ಕೇಳುತ್ತೇನೆ. ಮಳೆಯ ಉಪಮೆ ಪ್ರವಾದಿಗಳದ್ದೇ, ಅದರಲ್ಲಿ ತಪ್ಪಿಲ್ಲ. ಆದರೆ ನಪುಂಸಕಲಿಂಗದಲ್ಲಿ ವರ್ಷಗಟ್ಟಲೆ ಕರೆದವರು ಪವಿತ್ರಾತ್ಮನನ್ನು ಒಂದು ಶಕ್ತಿ ಎಂದೇ ತಿಳಿಯುತ್ತಾರೆ. ಯೋಹಾನ 16ರಲ್ಲಿ ಯೇಸು ಆತನನ್ನು ಕೇಳುವವನು, ನಡಿಸುವವನು, ತಿಳಿಸುವವನು ಎಂದು ವರ್ಣಿಸಿದ್ದಾನೆ. 'ಪವಿತ್ರಾತ್ಮನೇ' ಎಂದು ಬರೆ. ಒಂದು ಅಕ್ಷರದಲ್ಲಿ ತ್ರಿಯೇಕದ ಬೋಧನೆ ನಿಂತಿದೆ.

ಉತ್ತರ 3 – ಕನ್ನಡ ಕ್ರೈಸ್ತ ಸಹವಾಸದ (ಫೆಲೋಶಿಪ್) ಹಾಡುಗಾರ್ತಿ, ದುಬೈ

ಇಬ್ಬರು ಹಿರಿಯರೂ ಒಂದೊಂದು ಹಾಡನ್ನು ಎತ್ತಿ ಪರೀಕ್ಷಿಸಿದ್ದಾರೆ. ನನ್ನ ವಿನಂತಿ ಏನೆಂದರೆ, ವರ್ಷವಿಡೀ ಹಾಡಿದ ಹಾಡುಗಳ ಪಟ್ಟಿಯನ್ನು ಒಟ್ಟಾಗಿ ಇಟ್ಟುಕೊಂಡು ಕೀರ್ತನೆಗಳ ಪುಸ್ತಕಕ್ಕೆ ಹೋಲಿಸಿ ನೋಡಿರಿ. ಪ್ರತಿ ಹಾಡೂ ನಿರ್ದೋಷವಾಗಿದ್ದು ಪಟ್ಟಿ ಮಾತ್ರ ವಾಕ್ಯಕ್ಕೆ ದೂರವಾಗಿರಬಹುದು. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಪ್ರಲಾಪಗಳು. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ. 2020ರಲ್ಲಿ ವಿಮಾನಗಳು ನಿಂತು, ನಮ್ಮ ಸಹವಾಸದಲ್ಲಿ ಒಬ್ಬ ಸಹೋದರನಿಗೆ ಊರಿನಲ್ಲಿ ತೀರಿಹೋದ ತಂದೆಯ ಮುಖವನ್ನೂ ನೋಡಲಾಗದೆ ಹೋದಾಗ, ಅವನ ಜೊತೆ ಕೂತು ಹಾಡಲು ನಮ್ಮ ಕಡತದಲ್ಲಿ ಒಂದು ಹಾಡೂ ಇರಲಿಲ್ಲ. ಇದ್ದವೆಲ್ಲವೂ ಜಯದ ಹಾಡುಗಳು. ಕಡೆಗೆ 13ನೆಯ ಕೀರ್ತನೆಯನ್ನು, ಎಷ್ಟರವರೆಗೆ ಕರ್ತನೇ ಎಂಬ ಅದರ ಮೊರೆಯನ್ನು, ಒಂದು ಹಳೆಯ ರಾಗಕ್ಕೆ ಕೂರಿಸಿಕೊಂಡೆವು. ಅಂದಿನಿಂದ ಆ ಕೊರತೆಯನ್ನು ನಾನು ತಪ್ಪು ಸಾಲಿನಷ್ಟೇ ಗಂಭೀರವಾದ ತಪ್ಪೆಂದು ಎಣಿಸುತ್ತೇನೆ.

ಹೊಸ ಹಾಡುಗಳಲ್ಲಿ 'ನಾನು' ಹೆಚ್ಚು, ಪುನರಾವರ್ತನೆ ಹೆಚ್ಚು ಎಂಬ ಆಕ್ಷೇಪವನ್ನು ನಿಮ್ಮ ಹಿರಿಯರು ಎತ್ತಬಹುದು. 23ನೆಯ ಕೀರ್ತನೆ ಮೊದಲಿನಿಂದ ಕೊನೆಯವರೆಗೆ 'ನಾನು' ಎಂಬುದೇ, 136ನೆಯದರ 26 ವಚನಗಳಲ್ಲಿಯೂ ಒಂದೇ ಪಲ್ಲವಿ. ಅದರಿಂದ ಯಾವ ಹಾಡನ್ನೂ ತಳ್ಳಿಹಾಕಬಾರದು. ಆದರೆ 136ರಲ್ಲಿ ಪಲ್ಲವಿಗೆ ಮುಂಚೆ ಹೆಚ್ಚಿನ ಸಲ ದೇವರು ಮಾಡಿದ ಒಂದು ಹೊಸ ಕಾರ್ಯ ಬರುತ್ತದೆ, ಸೃಷ್ಟಿಯಿಂದ ಹಿಡಿದು ಕೆಂಪು ಸಮುದ್ರದವರೆಗೆ, ಅಡವಿಯವರೆಗೆ. ಮತ್ತೆ ಮತ್ತೆ ಹಾಡುವುದಕ್ಕೆ ಅಲ್ಲಿ ಕಾರಣವಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. 'ಲೆಕ್ಕವಿಡದ ಪ್ರೀತಿ' ಎಂಬುದನ್ನು ನಿನ್ನೆ ಹಿರಿಯರಿಗೆ ಓದಿ ತೋರಿಸಿದೆ. ಅವರಲ್ಲಿ ಒಬ್ಬರು ಅದನ್ನು ಎರಡು ಸಲ ಹೇಳಿಸಿಕೊಂಡರು. 13ನೆಯ ಕೀರ್ತನೆಗೆ ರಾಗ ಹುಡುಕುತ್ತಿದ್ದೇನೆ, ಅಕ್ಕ, ನಿಮ್ಮ ರಾಗವನ್ನು ಕಳುಹಿಸಿದರೆ ಸಂತೋಷ. ಆದರೆ ಈ ರೀತಿ ಅರ್ಥವನ್ನು ತಿದ್ದಿ ಅನುವಾದಿಸುವ ಹಕ್ಕು ನಮಗಿದೆಯೇ?

ಉತ್ತರ 1 ಬರೆದವರು

ಆರಾಧನೆಯಲ್ಲಿ ಹಾಡುವುದಕ್ಕೆ ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ವಿನಾಯಿತಿ ಕೊಟ್ಟಿದೆ. ಅನುವಾದಿಸಿ ಅಚ್ಚುಹಾಕುವುದು ಬೇರೆ ಮಾತು, ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಕೇಳುವುದರಿಂದ ನಷ್ಟವಿಲ್ಲ. 'ಹೌ ಹಿ ಲವ್ಸ್' ಎಂಬ ಹಾಡಿನಲ್ಲಿ ಚುಂಬನದ ಉಪಮೆಯೊಂದು ಸಭೆಯಲ್ಲಿ ಹಾಡಲು ಮುಜುಗರ ತರುವಂತಿದ್ದಾಗ, 2009ರಲ್ಲಿ ಡೇವಿಡ್ ಕ್ರೌಡರ್ ಅದನ್ನು ಬರೆದ ಜಾನ್ ಮಾರ್ಕ್ ಮೆಕ್‌ಮಿಲನ್ ಅವರನ್ನು ಕೇಳಿ, ಒಪ್ಪಿಗೆ ಪಡೆದು ಆ ವಿಶೇಷಣವನ್ನು ಬದಲಿಸಿ ಹಾಡಿದರು. ಗೆಟ್ಟಿ ಮತ್ತು ಟೌನೆಂಡ್ ಕೇಳಿದಾಗ ಒಪ್ಪಲಿಲ್ಲ. ಎರಡೂ ಉತ್ತರಗಳಿಗೆ ಸಿದ್ಧರಾಗಿರಿ. ಒಪ್ಪಿಗೆಯ ಪತ್ರದಲ್ಲಿ ನಿಮ್ಮ ಕನ್ನಡ ಸಾಲಿನ ಅರ್ಥವನ್ನು ಮರೆಮಾಚದೆ ಪುನಃ ಇಂಗ್ಲಿಷಿಗೆ ತಿರುಗಿಸಿ ಬರೆಯಿರಿ, ಯಾವ ವಚನಗಳಿಂದ ಆ ಪದಕ್ಕೆ ಬಂದಿರೆಂಬುದನ್ನೂ ಸೇರಿಸಿರಿ. ಉತ್ತರ ಬರುವವರೆಗೆ ಬೆಳಗಿನ ಆರಾಧನೆಯ ಹಳೆಯ ಗೀತೆಗಳಿಗೂ ಇದೇ ಪರೀಕ್ಷೆಯನ್ನು ಮಾಡಿ ನೋಡಿರಿ. ಅವುಗಳೂ ಒಂದು ಕಾಲಕ್ಕೆ ಹೊಸವೇ ಆಗಿದ್ದವು, ಹಲವು ಜರ್ಮನ್ ಮತ್ತು ಇಂಗ್ಲಿಷಿನಿಂದ ಬಂದ ಅನುವಾದಗಳು.